ನಂಜನಗೂಡಿನಲ್ಲೊಂದು ಮಹಡಿ ಮನೆ

ಗೋಡೆಯಲ್ಲಿ ಮೊಳೆ ಕಿತ್ತ ತೂತುಗಳು, ಎರಡು, ನಾಲ್ಕು, ಆರು, ಪ್ರತಿಯೊಂದರ ಕೆಳಗೂ ಒಂದು ಚೌಕ ಬಿಳುಪು, ಹಿಂದಿನ ಬಾಡಿಗೆಯವರು ಇಷ್ಟೊಂದು ಫೋಟೋ ಹಾಕಿದ್ದರಾ, ಅದರಲ್ಲಿ ಹಾರ ಹಾಕಿದವು ಎಷ್ಟೋ — ಸಾಕು, ಕಿಟಕಿ ನೋಡು, ಬಂದಿರುವುದು ಮನೆ ನೋಡುವುದಕ್ಕೆ. ಕಿಟಕಿ ರಸ್ತೆಯ ಕಡೆಗೇ ಇದೆ, ಅಷ್ಟರಮಟ್ಟಿಗೆ ಒಳ್ಳೆಯದು, ಅವ್ವನಿಗೆ ರಸ್ತೆ ಬೇಕು, ಯಾರು ಹೋದರು ಯಾರು ಬಂದರು ಎಂದು ಹೇಳುತ್ತಿರಬೇಕು, ಆದರೆ ಇದು ಮಹಡಿ, ಮಲಗಿದವರಿಗೆ ಇಲ್ಲಿಂದ ಕಾಣುವುದು ಎದುರು ಮನೆಯ ಕಪ್ಪು ನೀರಿನ ಟ್ಯಾಂಕು, ಅದರ ಮೇಲೆ ಕೂತ ಒಂದು ಕಾಗೆ. ಬಾಗಿಲಲ್ಲಿ ಲಕ್ಷ್ಮೀದೇವಮ್ಮ ನಿಂತಿದ್ದಾರೆ, ಮನೆ ಅವರದು, ಕೆಳಗೆ ಅವರಿರುತ್ತಾರೆ, ಮೇಲಿನದು ಬಾಡಿಗೆಗೆ, ನೀರಿಗೇನೂ ಯೋಚನೆ ಇಲ್ಲಪ್ಪ, ದಿನ ಬಿಟ್ಟು ದಿನ ಬರುತ್ತೆ, ಬಂದಾಗ ಹಿಡಿದಿಟ್ಕೋಬೇಕು ಅಷ್ಟೆ. ದಿನ ಬಿಟ್ಟು ದಿನ. ನರಸೀಪುರದಲ್ಲಿ ನಮ್ಮ ಬೀದಿಗೆ ದಿನಾ ಬೆಳಿಗ್ಗೆ ಆರಕ್ಕೆ ನಲ್ಲಿ ಬರುತ್ತದೆ, ಅವ್ವ ವಾಂತಿ ಮಾಡಿಕೊಂಡ ಬಟ್ಟೆ ಅಂದಂದೇ ಹಿಂಡಿಬಿಡುತ್ತೇನೆ, ಇಲ್ಲಿಗೆ ಬಂದರೆ ಎರಡು ದಿನದ ಬಟ್ಟೆ ಕೂಡಿಡಬೇಕು. ನಂಜನಗೂಡಿಗೆ ರೈಲಿದೆ, ನರಸೀಪುರಕ್ಕಿಲ್ಲ. ಇಲ್ಲಿ ಸೋಮವಾರ ಬಂತೆಂದರೆ ದೇವಸ್ಥಾನಕ್ಕೆ ಬಂದವರ ಕಾರುಗಳು ಬೀದಿ ತುಂಬ, ಅಲ್ಲಿ ಸಂಜೆಯಾದರೆ ಎರಡು ಹೊಳೆಗಳ ಗಾಳಿ ಒಟ್ಟಿಗೆ ಬೀಸುತ್ತದೆ. ಇಲ್ಲಿಂದ ನನ್ನ ಫ್ಯಾಕ್ಟರಿಗೆ ಹತ್ತು ನಿಮಿಷ, ಅಲ್ಲಿಂದ ಒಂದೂಕಾಲು ಗಂಟೆ ಬಸ್ಸು, ಬಸ್ಸಿನ ಓಡಾಟ ಉಳಿಯುತ್ತದೆ ಎಂದೇ ಎಲ್ಲರಿಗೂ ಹೇಳಿದ್ದೇನೆ, ಅವ್ವನಿಗೂ ಅದನ್ನೇ ಹೇಳಿದ್ದೇನೆ, ಅವಳು ಎರಡು ಊರನ್ನೂ ತಕ್ಕಡಿಯಲ್ಲಿಟ್ಟು ತೂಗಿ, ನಂಜನಗೂಡ್ನಲ್ಲಿ ಏನ್ಲಾ ಅದೆ, ಓಟ್ಲು ಅವೆ, ಗಾಡಿ ಅವೆ, ಮಾತಾಡ್ಸೋರಾರು ಅವ್ರೆ, ಎಂದಳು. ಮಾತಾಡಿಸುವವರು ಯಾರೂ ಇಲ್ಲ. ಅದಕ್ಕೇ ಅವ್ವ ಈ ಊರು.

ಎಷ್ಟು ಜನ ಇರ್ತೀರಪ್ಪ, ಲಕ್ಷ್ಮೀದೇವಮ್ಮ ಕೇಳುತ್ತಿದ್ದಾರೆ, ನಾನು ನಮ್ಮವ್ವ, ಇಬ್ಬರೇ, ಮದುವೆ ಆಗಿಲ್ವಾ, ಇಲ್ಲಮ್ಮ, ಆಗ್ಬೇಕಪ್ಪ ವಯಸ್ಸಿಗೆ ಸರಿಯಾಗಿ, ಆಮೇಲೆ ಹೆಣ್ಣು ಎಲ್ಲಿ ಸಿಗುತ್ತೆ, ಇನ್ನೊಂದು ಮಾತು, ಮಾಂಸ ಗೀಂಸ ಮಾಡೋ ಹಾಗಿಲ್ಲ, ನಮ್ಮೋರದು ದೇವಸ್ಥಾನದ ಕೆಲಸ. ಮಾಡಲ್ಲಮ್ಮ. ಇದು ನಿಜ. ಅವ್ವ ಕೋಳಿ ಸಾರು ಮಾಡಿದರೆ ಬೀದಿಯ ಮೂಲೆಗೆ ಗೊತ್ತಾಗುತ್ತಿತ್ತು, ಈಗ ಗಂಜಿಯ ವಾಸನೆಗೇ ಮುಖ ತಿರುಗಿಸುತ್ತಾಳೆ. ತಾಯಿಗೆ ಆರೋಗ್ಯ ಹೇಗಿದೆ. ಈ ಪ್ರಶ್ನೆ ಬರುತ್ತದೆ ಎಂದು ಗೊತ್ತಿತ್ತು, ಬಸ್ಸಿನಲ್ಲಿ ಸುತ್ತೂರು ದಾಟುವಷ್ಟರಲ್ಲಿ ಉತ್ತರ ಬಾಯಿಪಾಠ ಮಾಡಿದ್ದೆ. ಸ್ವಲ್ಪ ಶುಗರ್ ಅಮ್ಮ. ಓ ಶುಗರ್ರಾ, ಅದ್ಯಾರಿಗಿಲ್ಲ, ನಮ್ಮೋರಿಗೆ ಇಪ್ಪತ್ತು ವರ್ಷದಿಂದ ಇದೆ, ಈ ಮನೇಲಿ ಜಾಮೂನು ಬಚ್ಚಿಡೋದೇ ನನ್ನ ಕೆಲಸ. ಅವರು ನಕ್ಕರು, ನಾನೂ ನಕ್ಕೆ, ಎಷ್ಟು ಸಲೀಸಾಗಿ ನಗು ಬಂತು. ಮೈಸೂರಿನ ಡಾಕ್ಟರು ನಗಲಿಲ್ಲ, ಸ್ಕ್ಯಾನನ್ನು ಬೆಳಕಿಗೆ ಹಿಡಿದು, ಮನೇಲಿ ನೀವೊಬ್ಬರೇನಾ, ಎಂದು ಕೇಳಿ, ಪಿತ್ತಜನಕಾಂಗಕ್ಕೂ ಹರಡಿದೆ, ಇನ್ನು ಚುಚ್ಚೋದು ಬೇಡ, ಮನೇಲೇ ಇಟ್ಕೊಂಡು ಕೇಳಿದ್ದು ಕೊಡಿ, ದೀಪಾವಳಿ ನೋಡಿದರೆ ಹೆಚ್ಚು. ಗಣಪತಿ ಬಿಟ್ಟು ಒಂದು ವಾರವಾಯಿತು. ಮನೇಲೇ ಇಟ್ಕೊಳ್ಳಿ ಎಂದರು, ಯಾವ ಮನೆ ಎಂದು ನಾನು ಕೇಳಲಿಲ್ಲ. ನಮ್ಮೂರು ಕವಲಂದೆಯಲ್ಲಿ ಇದ್ದದ್ದು ಅಪ್ಪನ ಪಾಲಿನ ಒಂದಂಕಣದ ಮನೆ, ಅಪ್ಪ ತೀರಿಕೊಂಡ ವರ್ಷವೇ ಅದನ್ನು ಮಾರಿ ನರಸೀಪುರಕ್ಕೆ ಬಂದವರು ನಾವು, ಅವ್ವ ಇಪ್ಪತ್ತೆರಡು ವರ್ಷ ಹುಡುಗರ ಹಾಸ್ಟೆಲಿನಲ್ಲಿ ಅಡುಗೆ ಮಾಡಿದಳು, ನಾನು ಅಲ್ಲೇ ಉಂಡು ಅಲ್ಲೇ ಓದಿದೆ. ನರಸೀಪುರದ ಮನೆ ನಾಗೇಂದ್ರಣ್ಣನದು, ಹನ್ನೊಂದು ವರ್ಷದ ಬಾಡಿಗೆ, ಕೆಟ್ಟ ಮನುಷ್ಯನಲ್ಲ, ಎಳನೀರು ಹಿಡಿದುಕೊಂಡೇ ಬಂದ, ಚೆಲುವ, ಇದ ಅವ್ವಂಗೆ ಕುಡ್ಸು, ಬ್ಯಾಸ್ರ ಮಾಡ್ಕಬ್ಯಾಡ ಕಣಪ್ಪ, ಏನಾರ ಎಚ್ಚುಕಮ್ಮಿ ಆಗಿ ನಕ್ಷತ್ರ ಸರಿಯಿಲ್ದಿದ್ರೆ ಆರು ತಿಂಗ್ಳು ಮನೆ ಬುಡ್ಬೇಕು, ನಮ್ಮದು ಒಂದೇ ಗ್ವಾಡೆ, ನಿಮ್ಗೆ ಬೀಗ ಹಾಕುದ್ರೆ ನಮ್ಗೂ ಹಾಕ್ಬೇಕು, ನನ್ನ ಮಗಳಿಗೆ ಈ ತಿಂಗ್ಳು ಎರಿಗೆ, ನೀನೇ ಏಳು. ಎಳನೀರು ತೆಗೆದುಕೊಂಡೆ. ಐದು ನಕ್ಷತ್ರಗಳಿವೆಯಂತೆ, ಅವುಗಳಲ್ಲಿ ಯಾವುದರಲ್ಲಿ ಸತ್ತರೂ ಸಾವು ಮನೆಯನ್ನು ಹಿಡಿದುಕೊಳ್ಳುತ್ತದಂತೆ, ಮುಳ್ಳು ಬಡಿದು ಬಾಗಿಲು ಹಾಕಬೇಕಂತೆ, ನನಗೆ ನಂಬಿಕೆಯಿಲ್ಲ, ನಂಬದವನು ಸ್ವಂತ ಮನೆ ಇಟ್ಟುಕೊಂಡಿರಬೇಕು. ಆಮೇಲೆ ನರಸೀಪುರದಲ್ಲೇ ಮೂರು ಮನೆ ನೋಡಿದೆ. ಮೂರನೆಯದು ಆಗಿಯೇಬಿಟ್ಟಿತ್ತು, ಮನೆಯೊಡತಿ ಚಿನ್ನಮ್ಮ, ನಿಮ್ಮವ್ವ ಯಾರು, ಆಸ್ಟ್ಲು ಮಂಚಮ್ಮೋರಾ, ಅಯ್ಯೋ, ನನ್ ತಮ್ಮಂಗೆ ಅನ್ನ ಆಕಿದ ಕೈ ಕಣಪ್ಪ ಅದು, ಕಾಯ್ಲೆ ಅಂತೆ, ಈಗೆಂಗವ್ರೆ, ಎಂದು ಕಣ್ಣೊರೆಸಿಕೊಂಡಳು, ಸಂಜೆ ಫೋನು ಮಾಡಿ ಮನೆ ತಂಗಿಗೆ ಕೊಟ್ಟುಬಿಟ್ಟೆವು ಎಂದಳು. ಸುತ್ತಲಿನ ಎಷ್ಟು ಊರುಗಳು ನರಸೀಪುರದ ಸಂಗಮಕ್ಕೆ ಬೂದಿ ತರುತ್ತವೆ, ಬೂದಿಗೆ ಜಾಗವಿದೆ, ಅದಕ್ಕಿಂತ ಎರಡು ತಿಂಗಳು ಮುಂಚೆ ಬಂದವರಿಗೆ ಜಾಗವಿಲ್ಲ. ಅಲ್ಲಿ ಎಲ್ಲರಿಗೂ ಅವ್ವ ಗೊತ್ತು, ಆದ್ದರಿಂದ ಮನೆಯಿಲ್ಲ, ಇಲ್ಲಿ ಯಾರಿಗೂ ಗೊತ್ತಿಲ್ಲ, ಆದ್ದರಿಂದ ಇದೆ, ಎರಡು ಊರನ್ನು ಹೋಲಿಸಿದರೆ ಉಳಿಯುವುದು ಇಷ್ಟೇ, ನೀರು, ಗಾಳಿ, ರೈಲು ಎಲ್ಲ ಸುಮ್ಮನೆ. ಮತ್ತೆ ಈ ಹೆಂಗಸು, ಬಚ್ಚಿಟ್ಟ ಜಾಮೂನಿನ ಕಥೆ ಹೇಳುವ ಈ ಹೆಂಗಸಿನ ತಲೆಯ ಮೇಲೆಯೇ ನಾನು ಅದನ್ನು ತಂದಿಡುತ್ತಿದ್ದೇನೆ, ದೇವಸ್ಥಾನಕ್ಕೆ ಹೋಗಬೇಕಾದ ಗಂಡ, ಕೆಳಗಿನ ದೇವರ ಕೋಣೆ, ಎಲ್ಲದಕ್ಕೂ ಬೀಗ ಬೀಳುವ ದಿನ ಇವರು ನನ್ನ ಮುಖ ನೋಡಿ ಶುಗರ್ ಅಂದ್ಯಲ್ಲಪ್ಪ ಎನ್ನುತ್ತಾರೆ, ಅನ್ನಲಿ, ಆಗ ನಾನು ತಲೆ ಬಗ್ಗಿಸುತ್ತೇನೆ, ಈಗ ಬಗ್ಗಿಸಿದರೆ ಮನೆ ಹೋಗುತ್ತದೆ.

ಫೋನು. ಅವ್ವ. ಒಂದು ನಿಮಿಷ ಅಮ್ಮ, ಎಂದು ಲಕ್ಷ್ಮೀದೇವಮ್ಮನಿಗೆ ಹೇಳಿ ಹೊರಗೆ ಮೆಟ್ಟಿಲಿಗೆ ಬಂದೆ. ಎಂಗದೆ ಮಗ ಮನೆ. ಚೆನ್ನಾಗದೆ ಕಣವ್ವ, ಕಿಟಕಿ ರಸ್ತೆಗೇ ಅದೆ. ಕೆಳ್ಗಾ ಮ್ಯಾಲಾ. ಮ್ಯಾಲೆ, ಗಾಳಿ ಬತ್ತದೆ, ನಿಂಗೆ ಸೆಕೆ ಆಗದಿಲ್ಲ. ಫೋನಿನಲ್ಲಿ ಅವಳ ಉಸಿರು ಕೇಳುತ್ತಿತ್ತು, ಗ್ಯಾಸ್ಟ್ರಿಕ್ಕು, ಮೂರು ತಿಂಗಳ ಮಾತ್ರೆ, ಆಮೇಲೆ ಎಲ್ಲ ಸರಿ ಹೋಗುತ್ತದೆ ಎಂದು ನಾನು ಹೇಳಿದ್ದನ್ನು ಒಪ್ಪಿಕೊಂಡು ದಿನಾ ಮಾತ್ರೆ ನುಂಗುವ ಅವ್ವ. ಮೆಟ್ಲು ನೆಟ್ಟಗವಾ ಮಗ, ಇಲ್ಲ ನಡೂವೆ ತಿರುಗ್ತವಾ. ಯಾಕವ್ವ. ಏಳ್ಲಾ ಸುಮ್ಗೆ. ತಿರುಗ್ತವೆ. ಎಷ್ಟಗಲ ಅದೆ. ನಾನು ತಿರುವಿನ ಕಡೆ ನೋಡಿದೆ. ಮಲ್ಲಯ್ಯನ್ನ ಇಳಿಸ್ದಂಗೆ ಇಳಿಸ್ಬ್ಯಾಡ ಕಣ್ಲಾ ನನ್ನ, ಎಂದಳು, ಅಷ್ಟೇ ಸಾಧಾರಣವಾಗಿ, ಸಾರಿಗೆ ಉಪ್ಪು ಕಮ್ಮಿ ಎನ್ನುವ ಹಾಗೆ, ಬರ್ವಾಗ ಬಾಳೆಅಣ್ಣು ತತ್ತಾ, ಎಂದು ಫೋನು ಇಟ್ಟಳು. ಗೊತ್ತಿದೆ. ಅವಳಿಗೆ ಎಲ್ಲ ಗೊತ್ತಿದೆ. ಮಲ್ಲಯ್ಯ ಹಾಸ್ಟೆಲಿನ ಕಾವಲುಗಾರ, ಮಹಡಿಯ ಕೋಣೆಯಲ್ಲಿದ್ದವನು, ಹೋದ ವರ್ಷ ಅಲ್ಲೇ ಸತ್ತ, ಚಟ್ಟ ತಿರುವಿನಲ್ಲಿ ತಿರುಗಲಿಲ್ಲ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಎದೆಗೆ ಟವೆಲು ಬಿಗಿದು ನಾಲ್ಕು ಜನ ಇಳಿಸಿದರು, ನಾನೂ ಒಬ್ಬ, ಕುರ್ಚಿ ಇಳಿದ ಹಾಗೆಲ್ಲ ಅವನ ಹಿಮ್ಮಡಿ ಮೆಟ್ಟಿಲಿಗೆ ಟಕ್ ಟಕ್ ಎಂದು ಬಡಿಯುತ್ತಿತ್ತು, ಅವ್ವ ಓಡಿ ಬಂದು ಮುಂದೆ ಬಗ್ಗಿ ಎರಡು ಕಾಲನ್ನೂ ಅಂಗೈಯಲ್ಲಿ ಎತ್ತಿಕೊಂಡಳು, ಹಿಮ್ಮುಖವಾಗಿ, ಒಂದೊಂದೇ ಮೆಟ್ಟಿಲು, ತಗ್ಲುತ್ತದೆ ನಿಧಾನ ಕಣ್ರಪ್ಪಾ ಎನ್ನುತ್ತಾ. ಕೀ ತಗೊಳ್ಳಪ್ಪ, ಲಕ್ಷ್ಮೀದೇವಮ್ಮ ಹಿಂದೆ ಬಂದು ನಿಂತಿದ್ದಾರೆ, ನಾಡಿದ್ದು ದಿನ ಚೆನ್ನಾಗಿದೆ, ಹಾಲು ಉಕ್ಕಿಸ್ಕೊಂಡು ಬನ್ನಿ, ತಾಯೀನ ನಿಧಾನವಾಗಿ ಹತ್ತಿಸು. ತೆಗೆದುಕೊಂಡೆ. ಹೂಂ ಅಮ್ಮ ಎಂದೆ. ಎರಡು ಮೆಟ್ಟಿಲು ಇಳಿದು, ತಿರುವಿನಲ್ಲಿ ನಿಂತು, ಎರಡೂ ಕೈ ಚಾಚಿದೆ, ಪೂರ್ತಿ ಚಾಚುವ ಮೊದಲೇ ಅಂಗೈಗೆ ಗೋಡೆ ತಗುಲಿತು, ಈ ಕಡೆ, ಆ ಕಡೆ, ಚಟ್ಟ ತಿರುಗುವುದಿಲ್ಲ, ಕುರ್ಚಿ ಹಿಡಿಯುತ್ತದೆ, ಕುರ್ಚಿ ಮಾತ್ರ, ನಾನು ಹಿಂದೆ ಹಿಡಿದರೆ ಮುಂದೆ ಯಾರು, ಈ ಊರಿನಲ್ಲಿ ಯಾರು, ಹಿಮ್ಮುಖವಾಗಿ ಇಳಿಯುತ್ತಿರುವ ಅವ್ವ, ಅವಳ ಅಂಗೈಯಲ್ಲಿ ಎರಡು ಕಾಲು, ಒಂದು ಮೆಟ್ಟಿಲು, ಅವಳ ಅಂಗೈಯಲ್ಲಿ ಎರಡು ಕಾಲು, ಇನ್ನೊಂದು ಮೆಟ್ಟಿಲು, ಅಂಗೈಯಲ್ಲಿ ಎರಡು ಕಾಲು