ಹುಣಸೆಹಣ್ಣಿನಲ್ಲಿ ತೊಳೆದ ತಾಮ್ರ

ಕಾಶೀರಾಮ ಪಾಟೀಲ ಹಳೆಯ ನಾಣ್ಯದ ಅಂಗಡಿಯ ಗಾದಿಯ ಮೇಲೆ ಸುರಿದ ತಾಮ್ರದ ನಾಣ್ಯಗಳಿಗಿಂತ ಮೊದಲು ಮಡೆಪ್ಪನ ಕಣ್ಣು ಹೋದದ್ದು ಅವು ಹೊರಬಂದ ಚೀಲದ ಮೇಲೆ. ಕರಿ ಕುರಿಯ ಉಣ್ಣೆಯ ಪುಟ್ಟ ಚೀಲ. ಅದರ ಬಾಯಿಗೆ ಒಂದು ಬಿಳಿ ಎಳೆ ಸೇರಿಸಿ ಹೊಸೆದ ದಾರವಿತ್ತು. ಹಾಗೆ ಹೊಸೆಯುತ್ತಿದ್ದವಳು ಮಡೆಪ್ಪನ ತಾಯಿ ಸಖುಬಾಯಿ.

"ಇವು ಯಾವ ಬಾದಶಹಾಂದು ಹೇಳಪಾ," ಎಂದ ಪಾಟೀಲ. "ಕಿಮ್ಮತ್ತು ಆಮ್ಯಾಲ. ಮೊದಲ ಹೆಸರು ಬೇಕು."

ಠಾಣಾ ಕುಶನೂರದ ಪಾಟೀಲನಿಗೆ ಆ ಹೆಸರು ಯಾಕೆ ಬೇಕೆಂಬುದು ಅವನ ಮಾತಿನಿಂದಲೇ ತಿಳಿಯಿತು. ದೀಪಾವಳಿಯ ಹೊತ್ತಿಗೆ ಬೀದರ ಮೈಸೂರು ರಾಜ್ಯಕ್ಕೆ ಸೇರುವುದಿತ್ತು. ತನ್ನ ಪಾಟೀಲಕಿ ಉಳಿಯುತ್ತದೋ ಇಲ್ಲವೋ ಎಂದು ಅವನಿಗೆ ನಿದ್ದೆ ಇರಲಿಲ್ಲ. ಹೊಸದಾಗಿ ಬರುವ ಸಾಹೇಬರಿಗೆ ಹಳೆಯ ನಾಣ್ಯವೆಂದರೆ ಜೀವ ಎಂದು ಯಾರೋ ಹೇಳಿದ್ದರು. ಆದರೆ ಹೆಸರಿಲ್ಲದ ತಾಮ್ರದ ಚೂರನ್ನು ನಜರಾಣೆ ಎಂದು ಹಿಡಿದುಕೊಂಡು ಹೋಗುವುದು ಹೇಗೆ?

ಮಡೆಪ್ಪ ಒಂದನ್ನೆತ್ತಿ ಬಾಗಿಲ ಬೆಳಕಿಗೆ ಹಿಡಿದ. ಇಸವಿ ಇರಬೇಕಾದ ಅಂಚು ಸವೆದು ಹೋಗಿತ್ತು. ಹಾಗಾದಾಗ ದಪ್ಪ ನೋಡಬೇಕು, ತೂಕ ನೋಡಬೇಕು, ಉಳಿದ ಅರ್ಧ ಅಕ್ಷರ ನೋಡಬೇಕು. ಬೀದರಿನ ಚೌಬಾರ ಗೋಪುರದ ಹತ್ತಿರದ ಈ ಅಂಗಡಿಯಲ್ಲಿ ಸಲಾವೋದ್ದೀನ ಉಸ್ತಾದರು ಅವನಿಗೆ ಕಲಿಸಿದ ಮೊದಲ ಪಾಠವೇ ಬೇರೆ: ಹಸಿರು ಕಿಲುಬನ್ನು ಮುಟ್ಟಬಾರದು. ಬಹಳ ಕಾಲ ಮಣ್ಣಿನಲ್ಲಿದ್ದ ನಾಣ್ಯದ ಒಳಗಿನ ತಾಮ್ರ ಕರಗಿರುತ್ತದೆ, ಅಕ್ಷರ ನಿಂತಿರುವುದು ಆ ಕಿಲುಬಿನ ಮೇಲೆಯೇ. ಇದರಲ್ಲಿಯೂ ನಿಂತಿತ್ತು. ಕೆಲವೇ ಕಾಲ ಗಾದಿಯಲ್ಲಿ ಕೂತ ಒಬ್ಬ ಬಾದಶಹನ ಅರ್ಧ ಹೆಸರು. ಅಂಥದ್ದನ್ನು ಉಸ್ತಾದರೂ ಅಪರೂಪಕ್ಕೆ ಕಂಡವರು.

ನಿಜಾಮನ ಕಾಲದಲ್ಲಿ ಮಡೆಪ್ಪನ ತಂದೆ ಧೊಂಡಿಬಾ ಕುರಿದೊಡ್ಡಿಯ ಗೂಟ ನೆಡಲು ಅಗೆದಾಗ ಒಂದು ಗಡಿಗೆ ಸಿಕ್ಕಿತ್ತು. ತಾಮ್ರವನ್ನು ಹೆಂಡತಿಯ ಚೀಲಕ್ಕೆ ತುಂಬಿ ಅವನೇ ಚಾವಡಿಗೆ ಒಯ್ದು ಕೊಟ್ಟ. ಇದೇ ಪಾಟೀಲ ನಂಬಲಿಲ್ಲ, ಬಂಗಾರ ಎಲ್ಲಿ ಮುಚ್ಚಿಟ್ಟೆ ಎಂದ. ಬಿಸಿಲಿನಲ್ಲಿ ಬಗ್ಗಿಸಿ ನಿಲ್ಲಿಸಿ, ಬೆನ್ನ ಮೇಲೆ ಕಲ್ಲು ಹೇರಿಸಿದ. ಹೊತ್ತು ಮುಳುಗಿದ ಮೇಲೆ ಕಲ್ಲನ್ನು ಇಳಿಸಿದರು. ಬೆನ್ನು ಮಾತ್ರ ಮತ್ತೆ ನೆಟ್ಟಗಾಗಲಿಲ್ಲ. ಕುರಿ ಮಾರಿ ಬೀದರಿಗೆ ಬಂದರು. ಸಖುಬಾಯಿ ಇಲ್ಲಿ ಬಹಳ ದಿನ ಬಾಳಲಿಲ್ಲ.

ಪಾಟೀಲನಿಗೆ ಎದುರು ಕೂತವನ ಗುರುತು ಸಿಗಲಿಲ್ಲ. ಕುರಿ ಕಾಯುವವರ ಮಕ್ಕಳ ಮುಖವನ್ನು ಅವನು ಎಂದು ನೋಡಿದ್ದ?

"ಈ ಕಿಲುಬಿನ್ಯಾಗ ಏನೂ ತಿಳಿಯಂಗಿಲ್ರಿ ಮಾಲಕ್ರ," ಎಂದ ಮಡೆಪ್ಪ. ತನ್ನ ದನಿ ಅಷ್ಟು ಮೆತ್ತಗಿದ್ದದ್ದು ಅವನಿಗೇ ಸೋಜಿಗ. "ದೀಪಾವಳಿಗಿ ಮನ್ಯಾಗ ಹಂಡೆ ತಿಕ್ತಾರಲ್ಲ, ಹಂಗೇ ಹುಣಸಿಹಣ್ಣು ಉಪ್ಪು ಹಚ್ಚಿ ನೆನಿಯಾಕ ಇಡ್ರಿ. ಬೂದಿ ಹಾಕಿ ಛಲೋ ತಿಕ್ಕಸ್ರಿ. ಹೊಳಿಯಾಕತ್ತಿದ ಮ್ಯಾಲ ತರ್ರಿ, ಹೆಸರು ಹೇಳ್ತೇನಿ."

ಮೂಲೆಯಲ್ಲಿ ಅಡಿಕೆ ಕತ್ತರಿಸುತ್ತಿದ್ದ ಉಸ್ತಾದರ ಕೈ ನಿಂತಿತು. ಪಾಟೀಲ ಮೆಟ್ಟಿಲಿಳಿದು ಹೋದ ಮೇಲೆ, ಹಾಗೆ ಯಾಕೆ ಹೇಳಿದೆ ಎಂದು ಕೇಳಿದರು. ಮಡೆಪ್ಪ ಎಲ್ಲವನ್ನೂ ಹೇಳಿದ. ಆ ನಾಣ್ಯಗಳು ಏನು ಪಾಪ ಮಾಡಿದ್ದವು ಎಂದರು ಉಸ್ತಾದರು. ಪಾಟೀಲ ಇನ್ನೂ ಮೋಟಾರು ಹತ್ತಿರಲಿಕ್ಕಿಲ್ಲ, ಓಡು ಎಂದರು.

"ನಿಮ್ಮ ಬೆನ್ನು ಸೀದಾ ಅದ, ಉಸ್ತಾದ," ಎಂದ ಮಡೆಪ್ಪ.

ಆದರೂ ಅವನು ಮೋಟಾರ್ ಸ್ಟ್ಯಾಂಡಿಗೆ ಹೋದ. ಔರಾದದ ಮೋಟಾರು ನಿಂತಿತ್ತು. ಕಿಟಕಿಯ ಹತ್ತಿರ ಪಾಟೀಲನ ರುಮಾಲು ಕಾಣುತ್ತಿತ್ತು. ಮಡೆಪ್ಪ ಬೇವಿನ ಮರದ ಕೆಳಗೆ ನಿಂತು ಅದು ಹೊರಡುವುದನ್ನೇ ನೋಡಿದ. ಧೂಳು ಇಳಿದ ಮೇಲೆ ಒಂದು ಚಹಾ ಕುಡಿದ. ಬಹಳ ವರ್ಷಗಳಿಂದ ಅವನಿಗೆ ಚಹಾ ಅಷ್ಟು ರುಚಿಯಾಗಿರಲಿಲ್ಲ. ಹಬ್ಬದ ದಿನಗಳಲ್ಲಿ ಕಂಡವರ ಅಂಗಳದಲ್ಲೆಲ್ಲ ತಾಮ್ರ ತಿಕ್ಕುವ ಸದ್ದು ಕೇಳುತ್ತಿತ್ತು. ಹುಳಿ ಆ ಹಸಿರಿನೊಳಗೆ ಇಳಿಯುವುದನ್ನು, ಅಕ್ಷರ ಒಂದೊಂದಾಗಿ ಬೂದಿ ನೀರಿನೊಂದಿಗೆ ಬಚ್ಚಲಿಗೆ ಹೋಗುವುದನ್ನು ಅವನು ಮನಸ್ಸಿನಲ್ಲೇ ನೋಡಿ ನೋಡಿ ಹಿಗ್ಗಿದ.

ಹಬ್ಬ ಮುಗಿದು, ಕಚೇರಿಗಳ ಮುಂದೆ ಹೊಸ ರಾಜ್ಯದ ಬೋರ್ಡುಗಳು ಏರುತ್ತಿದ್ದಾಗ ಪಾಟೀಲ ಬಂದ. ಮನೆಯ ಹೆಂಗಸರೆಲ್ಲ ಕೂತು ತಿಕ್ಕಿದ್ದರಂತೆ.

"ಕನ್ನಡಿ ಆಗ್ಯಾವ ನೋಡು," ಎಂದ.

ಮಡೆಪ್ಪ ಆತುರ ಮಾಡಲಿಲ್ಲ. ಒಂದೊಂದನ್ನೇ ಬೆಳಕಿಗೆ ಹಿಡಿದು ತಿರುಗಿಸಿ ಕೆಳಗಿಟ್ಟ. ಎಲ್ಲಿಯೂ ಒಂದು ಗೆರೆ ಉಳಿದಿರಲಿಲ್ಲ.

"ಬಾದಶಹಾನ ಹೆಸರು ಆ ಕಿಲುಬಿನ ಮ್ಯಾಲೇ ಇತ್ರಿ. ತಿಕ್ಕಿ ಚೆಲ್ಲೀರಿ. ಇನ್ನ ಇವು ಬರೇ ತಾಮ್ರ."

"ತಿಕ್ಕಂತ ನೀನೇ ಹೇಳಿದ್ದ್ಯಲ್ಲ."

"ನಾನೇ ಹೇಳ್ದೆ. ನಾ ಧೊಂಡಿಬಾನ ಮಗ."

ಈ ಮಾತನ್ನು ಅವನು ವರ್ಷಗಟ್ಟಲೆ ಬಾಯಲ್ಲಿ ಇಟ್ಟುಕೊಂಡಿದ್ದ. ಪಾಟೀಲ ಹುಬ್ಬು ಗಂಟಿಕ್ಕಿ ಅವನನ್ನು ನೋಡಿದ. ಸಿಟ್ಟಿತ್ತು, ಅಂಜಿಕೆ ಇರಲಿಲ್ಲ. ನೆನಪು ಮಾಡಿಕೊಳ್ಳಲು ನಿಜವಾಗಿಯೂ ಯತ್ನಿಸಿದ.

"ಯಾವ ಧೊಂಡಿಬಾ?"

ಮಡೆಪ್ಪ ಕುರಿದೊಡ್ಡಿ ಎಂದ, ಚಾವಡಿ ಎಂದ, ಕಲ್ಲು ಎಂದ.

"ಕಲ್ಲು ಹೊತ್ತವರು ಒಬ್ಬರಾ ಇಬ್ಬರಾ," ಎಂದು ಪಾಟೀಲ ಎದ್ದ. ಸಾಹೇಬರನ್ನು ಕಾಣಲು ಇನ್ನೇನನ್ನಾದರೂ ನೋಡಬೇಕು ಎಂದು ಗೊಣಗಿದ. ನಾಣ್ಯಗಳನ್ನು ಕಾಲಿನಿಂದ ಅತ್ತ ಸರಿಸಿ, ಉಣ್ಣೆಯ ಚೀಲವನ್ನು ಮಾತ್ರ ಮಡಚಿ ಜೇಬಿಗಿಟ್ಟುಕೊಂಡು ಹೋದ.

ಉಸ್ತಾದರು ತಲೆ ಎತ್ತಲಿಲ್ಲ. ಮಡೆಪ್ಪ ನಾಣ್ಯಗಳನ್ನು ರುಮಾಲಿನಲ್ಲಿ ಕಟ್ಟಿಕೊಂಡು ಮನೆಗೆ ನಡೆದ.

ಧೊಂಡಿಬಾ ಅಂಗಳದ ಬಿಸಿಲಿನಲ್ಲಿ ಬಾಗಿ ಕೂತಿದ್ದ. ಮಗ ಗಂಟು ಬಿಚ್ಚಿ ಅವನ ಮುಂದಿಟ್ಟು, ಪಾಟೀಲನಿಂದ ನಿನ್ನ ಗಡಿಗೆಯ ತಾಮ್ರ ತಿರುಗಿ ಬಂತು ಎಂದ. ಮುದುಕ ಒಂದನ್ನೆತ್ತಿಕೊಂಡ. ಕಣ್ಣಿನ ಹತ್ತಿರ ಒಯ್ಯದೆ ಹೆಬ್ಬೆರಳಿನಿಂದ ಸವರಿದ. ತಿರುವಿ ಹಾಕಿ ಆ ಬದಿಯನ್ನೂ ಸವರಿದ.

"ಇವು ಅಲ್ಲೋ. ನಮ್ಮ ನಾಣ್ಯದಾಗ ಬೆರಳಿಗಿ ತಾಕಂಗ ಒಂದು ಉಬ್ಬು ಇತ್ತು. ಕುರಿಮರಿ ಕಿವಿ ಇದ್ದಂಗ."

"ಅವೇ, ಅಪ್ಪಾ."

ನಾಣ್ಯದಿಂದ ಚಿಮ್ಮಿದ ಬಿಸಿಲು ಮುದುಕನ ಗದ್ದದ ಕೆಳಗೆ ಸಣ್ಣಗೆ ನಡುಗುತ್ತಿತ್ತು. ಅದನ್ನು ಪಕ್ಕಕ್ಕಿಟ್ಟು, ಅವನು ಇನ್ನೊಂದನ್ನು ಕೈಗೆತ್ತಿಕೊಂಡ.