ನೀಲಿ ಮಣಿಯ ಕೈ

"ಒಲೆ ಆರ್ತಾ ಇದೆ, ಇನ್ನಷ್ಟು ತಾ!" ವಹೀಬಾ ಅಂಗಳದಿಂದ ಕೂಗಿದಳು.

ಅವಳ ಗಂಡ ಶಾಜ್ಲಿ ಮನೆಯ ಹಿಂದೆ ಕುಳಿತು ಹಳೆಯ ಹೆಣವೊಂದರ ಬಟ್ಟೆಪಟ್ಟಿಗಳನ್ನು ಕಂತೆ ಕಟ್ಟುತ್ತಿದ್ದ. ಕುರ್ನಾ ಊರಿನ ಬೋಳುಗುಡ್ಡದಲ್ಲಿ ಸೌದೆ ಎಲ್ಲಿಂದ ಬರಬೇಕು? ಗುಹೆಗೋರಿಗಳಲ್ಲಿ ಸಿಗುವ ಮಮ್ಮಿಗಳ ಬಟ್ಟೆಯೋ ಎಲುಬೋ ಇದ್ದರಾಯಿತು. ರಾಳ ಕುಡಿದದ್ದು, ಕಿಡಿ ಸೋಕಿದರೆ ಧಗ್ಗೆನ್ನುತ್ತದೆ. ಅವನ ತಾತನೂ ಅದನ್ನೇ ಉರಿಸಿದವನು.

ಈ ಹೆಣವನ್ನು ಅವನು ಬಾವಲಿ ಗುಹೆಯಿಂದ ಎಳೆದು ತಂದು ನಾಲ್ಕು ದಿನವಾಗಿತ್ತು. ಎದೆಯೊಳಗೆ ಚಿನ್ನದ ತಾಯಿತ ಸಿಕ್ಕೀತೆಂದು ಕೊಡಲಿ ಹಾಕಿದ; ಸಿಕ್ಕಿದ್ದು ಬರೀ ಪುಡಿ. ಹೆಂಗಸಿನ ಹೆಣ. ಎಡಗೈ ಮಾತ್ರ ಉಗುರು ಸಹಿತ ಉಳಿದಿತ್ತು, ಮಣಿಕಟ್ಟಿಗೆ ಒಂದು ನೀಲಿ ಮಣಿ ಬೇರೆ. ನಮ್ಮ ಶಾಜ್ಲಿ ಬಾಯಿ ಬಿಟ್ಟರೆ ಕೇಳಬೇಕೆ! ನದಿಯ ಹಡಗಿನಲ್ಲಿ ಬಂದಿದ್ದ ಬಿಳಿ ದೊರೆಯೊಬ್ಬ ಅದನ್ನು ರಾಣಿಯ ಕೈಯೆಂದೇ ನಂಬಿ, ಕಾಸು ಕೊಟ್ಟು, ಕರವಸ್ತ್ರದಲ್ಲಿ ಸುತ್ತಿಕೊಂಡು ಹೋದ. ಮರುದಿನ ಹಡಗು ಕೈರೋ ಕಡೆ ಹೊರಟೂಹೋಯಿತು.

ಕಂತೆ ಹಿಡಿದು ಅಂಗಳಕ್ಕೆ ಬಂದರೆ, ಬಿಸಿಲಲ್ಲಿ ಉಬ್ಬಿಸಿದ ರೊಟ್ಟಿಗಳು ಬೆಂದು ಬುಟ್ಟಿಯಲ್ಲಿದ್ದವು. ಪಕ್ಕದಲ್ಲಿ ಮಡಿಸಿಟ್ಟ ಹೊಸ ಬಿಳಿ ಬಟ್ಟೆ.

"ಏಳು ರೊಟ್ಟಿ! ಎಲ್ಲಾ ನನಗೇನಾ?"

"ನಿನ್ನ ಹೊಟ್ಟೆಗೆ ಏಳೆಲ್ಲಿ ಸಾಕು? ಮುಟ್ಟಬೇಡ, ಹರಕೇದು." ವಹೀಬಾ ಕೂಸನ್ನು ಹೆಗಲಿಗೇರಿಸಿ ನಕ್ಕಳು. "ರಿಜ್ಕ್ ಹುಟ್ಟಿ ಇವತ್ತಿಗೆ ನಲವತ್ತು ದಿನ. ಇನ್ನು ಹೇಳಬಹುದು. ಇಲ್ಲೀತನಕ ಗಂಡಸರ ಕಿವಿಗೆ ಬೀಳಬಾರದಿತ್ತು."

"ಏನದು ಅಂಥಾ ಗುಟ್ಟು?"

"ಹನ್ನೊಂದು ವರ್ಷ ಬಸಿರು ನಿಲ್ಲಲಿಲ್ಲ, ಅಲ್ವಾ? ತೀರಿಹೋದ ನಿನ್ನಮ್ಮನೇ, ಪುಣ್ಯಾತ್ಗಿತ್ತಿ, ಬಾವಲಿ ಗುಹೆಗೆ ಕರ್ಕೊಂಡು ಹೋದ್ರು. ಅಲ್ಲಿ ಮಲಗಿರೋಳನ್ನ ಏಳು ಸಲ ದಾಟಿದೆ. ಮಗು ಕೊಡು ತಾಯಿ, ರೊಟ್ಟಿ ತರ್ತೀನಿ, ತಲೆಯಿಂದ ಕಾಲ್ತನಕ ಹೊಸ ಬಟ್ಟೆ ಹೊದಿಸ್ತೀನಿ ಅಂದೆ. ಗುರುತಿಗೆ ನನ್ನ ನೀಲಿ ಮಣೀನ ಅವಳ ಕೈಗೆ ಕಟ್ಟಿ ಬಂದೆ."

ಜೀವಮಾನವೆಲ್ಲ ಸುಳ್ಳು ಹೇಳಿ ಪಳಗಿದ ಶಾಜ್ಲಿಗೆ ಈಗ ಒಂದೂ ಹೊಳೆಯಲಿಲ್ಲ.

"ಬಿಸಿಲು ಜಾಸ್ತಿ ಇದೆ. ನಾಳೆ ಹೋಗು."

"ಹರಕೆಗೆ ನಾಳೆ ಅಂತ ಇದ್ಯಾ? ಬುಟ್ಟಿ ಎತ್ತಿಕೊಡು."

"ಹೋಗಬೇಡ, ವಹೀಬಾ. ಅವಳು ಅಲ್ಲಿಲ್ಲ."

ವಹೀಬಾ ಅವನ ಮುಖ ನೋಡಿದಳು. ಅವನ ಕೈಯಲ್ಲಿದ್ದ ಕಂತೆಯನ್ನು ನೋಡಿದಳು. ಆಮೇಲೆ ಒಲೆಯನ್ನು, ರೊಟ್ಟಿಯನ್ನು. ಅವಳು ಕಿರುಚಿದ್ದರೆ, ಎರಡೇಟು ಹೊಡೆದಿದ್ದರೆ ಅವನಿಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು. ಅವಳು ಕೂಸನ್ನು ಅವನ ತೋಳಿಗೆ ಕೊಟ್ಟು, ಕಂತೆಯನ್ನು ಕಿತ್ತುಕೊಂಡು, ಒಲೆಯ ಮುಂದೆ ಕುಕ್ಕರಿಸಿದಳು. ಬೆಂಕಿಗೆ ನೀರು ಸುರಿದು ಕಂತೆಯ ಪಟ್ಟಿಗಳನ್ನೂ ಬೂದಿಯನ್ನೂ ಎಲುಬಿನ ಚೂರುಗಳನ್ನೂ ಒಂದೊಂದಾಗಿ ಹೊಸ ಬಟ್ಟೆಗೆ ತುಂಬಿದಳು.

"ಕೈ ಎಲ್ಲಿ?"

ಶಾಜ್ಲಿ ನದಿಯ ಕಡೆ ನೋಡಿದ.

ಅವಳು ತನ್ನ ಎತ್ತರಕ್ಕೇ ಅಳೆದು ತಂದಿದ್ದ ಬಟ್ಟೆ ಆ ಹಿಡಿಯಷ್ಟಕ್ಕೆ ತೀರಾ ಉದ್ದವಾಗಿತ್ತು. ವಹೀಬಾ ಅದನ್ನು ಸುತ್ತಿದಳು, ಸುತ್ತುತ್ತಲೇ ಹೋದಳು.