ವೀರಗಲ್ಲಿನ ಮೇಲಿನ ಸಾಲು

ನನ್ನ ಹೆಂಡತಿ ರಾಜೇಶ್ವರಮ್ಮ ಲಿಂಗೈಕ್ಯಳಾಗಿ ವರ್ಷ ತುಂಬುತ್ತಿತ್ತು. ಪುಣ್ಯಸ್ಮರಣೆಯ ದಿನ ಸೊರಬದ ನಮ್ಮ ಮನೆಯ ಮುಂದೆ ಕಟ್ಟುವ ಫ್ಲೆಕ್ಸನ್ನು, ಶಿಕಾರಿಪುರದಲ್ಲಿ ಅಂಗಡಿ ಇಟ್ಟಿರುವ ನನ್ನ ತಮ್ಮನ ಮಗಳು ಅಶ್ವಿನಿಗೆ ಮಗ ಈಶ್ವರ್ ವಹಿಸಿದ್ದ. ಕರಡು ನೋಡಲು ನಾನೇ ಹೋದೆ.

ಪರದೆಯ ಮೇಲೆ ಹಿಮಾಲಯವಿತ್ತು, ಕಮಲಗಳಿದ್ದವು, ಸೂರ್ಯಕಿರಣಗಳಿದ್ದವು. ಸುತ್ತಲೂ ಮಕ್ಕಳು, ಅಳಿಯಂದಿರು, ಬೀಗರು, ಬೀಗರ ಮೊಮ್ಮಕ್ಕಳು. ನನ್ನ ಕಣ್ಣು ಒಬ್ಬೊಬ್ಬರ ಮುಖಕ್ಕೂ ತಾಗಿ ಅಲೆಯಿತು.

"ಎಲ್ಲಾ ಇದಾರಲ್ಲಮ್ಮ. ನಿಮ್ಮ ದೊಡ್ಡಮ್ಮ ಎಲ್ಲಿ?"

"ನಡುವೇ ಅದಾರಲ್ರೀ ದೊಡ್ಡಪ್ಪ!"

ಇದ್ದಳು. ಎಲ್ಲರಿಗಿಂತ ದೊಡ್ಡದಾಗಿಯೇ ಇದ್ದಳು. ಆದರೂ ಕಾಣಲಿಲ್ಲ. ವರ್ಷದಿಂದ ಮನೆಯಲ್ಲಿ ಹುಡುಕುತ್ತಿದ್ದವಳನ್ನು ಅಲ್ಲಿಯೂ ಹುಡುಕಬೇಕಾಯಿತು. ಬಂದ ಜನಕ್ಕಾದರೂ ಅವಳು ಕಾಣಬೇಡವೇ?

"ಈಶ್ವರಣ್ಣ ಒಬ್ರ ಫೋಟೋನೂ ಬಿಡಬ್ಯಾಡ ಅಂದಾನೆ. ಬಿಟ್ರೆ ಬೀಗರು ಊಟಕ್ಕೇ ಬರಂಗಿಲ್ಲ" ಎಂದು ನಕ್ಕ ಅಶ್ವಿನಿ, ತಾನು ಕಾಲೇಜಿನಲ್ಲಿ ಓದಿದ ವಿನ್ಯಾಸಶಾಸ್ತ್ರದ ಪುಸ್ತಕವನ್ನು ನನ್ನ ಕೈಗಿಟ್ಟಳು. "ದಾರಿ ಇದ್ರೆ ಇದ್ರಾಗೇ ಇರ್ಬೇಕು. ನನಗಂತೂ ಪುರುಸೊತ್ತಿಲ್ಲ, ನೀವೇ ಓದ್ರಿ."

ಮರುದಿನ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಇಂಗ್ಲಿಷ್ ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಓದತೊಡಗಿದೆ. ನೋಡುವವರ ಕಣ್ಣಿಗೆ ದಾರಿ ಮಾಡಿಕೊಡಬೇಕಂತೆ. ಹತ್ತಿರ ಹತ್ತಿರ ಇಟ್ಟದ್ದನ್ನು ಕಣ್ಣು ಒಂದೇ ಗುಂಪೆಂದು ತಿಳಿಯುತ್ತದಂತೆ. ಸುತ್ತ ಖಾಲಿ ಬಿಟ್ಟರೆ ಚಿಕ್ಕದೂ ಮೊದಲು ಕಾಣುತ್ತದಂತೆ. ಈ ಕೊನೆಯ ಮಾತನ್ನು ನಾನು ನಂಬಲಿಲ್ಲ.

ಆ ಸೋಮವಾರ ಕುಬಟೂರಿನ ದೇವಸ್ಥಾನಕ್ಕೆ ಹೋದೆ. ಪ್ರದಕ್ಷಿಣೆ ಬರುವಾಗ ವೀರಗಲ್ಲಿನ ಮುಂದೆ ಕಾಲು ನಿಂತಿತು. ಬಾಲ್ಯದಿಂದ ನೋಡಿದ ಕಲ್ಲು. ಅಂದು ಮೊದಲ ಸಲ ಓದಿದೆ. ಕೆಳಗಿನ ಸಾಲಿನಲ್ಲಿ ಕಾಳಗ: ಕುದುರೆ, ಕತ್ತಿ, ಬಿದ್ದವರು, ಒಬ್ಬರ ಮೈಗೊಬ್ಬರು. ಅದರ ಮೇಲೆ, ಸತ್ತ ವೀರನನ್ನು ಕರೆದೊಯ್ಯುವ ಅಪ್ಸರೆಯರು. ಎಲ್ಲಕ್ಕೂ ಮೇಲೆ ಲಿಂಗ, ಅದರೆದುರು ಕೈಮುಗಿದು ಕುಳಿತ ಅವನೊಬ್ಬನೇ. ಹೆಬ್ಬೆರಳಿನಷ್ಟು. ಸುತ್ತ ಬರಿಯ ಕಲ್ಲು.

ಕಣ್ಣು ಮುಚ್ಚಿ ತೆರೆದೆ. ಮತ್ತೆ ಅವನೇ ಮೊದಲು ಕಂಡ. ಹೆಸರು ತಿಳಿಯದ ಆ ಶಿಲ್ಪಿ ನೂರಾರು ವರ್ಷಗಳ ಆಚೆಯಿಂದ ನನ್ನ ಕಣ್ಣಿನ ಕೈಹಿಡಿದು ಮೇಲಕ್ಕೆ ನಡೆಸಿದ್ದ. ಅಲ್ಲೇ ಕುಳಿತೆ. "ಶಿವ ಶಿವಾ" ಎಂದೆ.

ನಾನು ಹೇಳಿದಂತೆಯೇ ಅಶ್ವಿನಿ ಮಾಡಿಕೊಟ್ಟಳು. ಯಾರನ್ನೂ ಬಿಡಲಿಲ್ಲ; ನಾನೂ ಸೇರಿ ಎಲ್ಲರೂ ಕೆಳಗೆ ಒತ್ತೊತ್ತಾಗಿ. ನಡುವೆ ಹೆಸರು, ತಿಥಿ. ಮೇಲೆ, ಬಿಳಿಯ ಬಯಲಿನಲ್ಲಿ, ಒಂದು ಲಿಂಗ ಮತ್ತು ಅವಳು.

ಫ್ಲೆಕ್ಸ್ ಕಟ್ಟುವಾಗ ಈಶ್ವರ್ ಗೊಣಗಿದ. "ಅಪ್ಪಾಜಿ, ಅಮ್ಮನ್ನೇ ಇಷ್ಟ್ ಸಣ್ಣ ಮಾಡದಾ? ಮೇಲೆಲ್ಲ ಖಾಲಿ. ಅಶ್ವಿನಿ ಕಂಪ್ಯೂಟರ್ ಕೆಟ್ಟಿತ್ತಾ ಏನ್ ಕತೆ?"

ನನಗೂ ಅಳುಕಿತ್ತು.

ಮೊದಲು ಬಂದವರು ಗುತ್ಯಮ್ಮ. ಕುರಿ ಸಾಕುವ ಮನೆಯವರು, ನನ್ನ ಹೆಂಡತಿಯ ಜೊತೆಗಾತಿ. ಕಣ್ಣು ಮಂಜು. ಗೇಟಿನ ಬಳಿ ತಲೆ ಎತ್ತಿದವರು ಅಲ್ಲೇ ನಿಂತರು. ಕೆಳಗಿದ್ದ ನಮ್ಮನ್ನೆಲ್ಲ ದಾಟಿ ಅವರ ಕೈ ನೇರ ಮೇಲಕ್ಕೆ ಹೋಯಿತು.

"ಅಲ್ಲಿ ಕೂತಿದೀಯೇನೇ ರಾಜಮ್ಮಾ" ಎಂದರು. "ಒಬ್ಳೇ, ಹಾಯಾಗಿ!"

ಈಶ್ವರ್ ಹಗ್ಗ ಹಿಡಿದುಕೊಂಡೇ, ಕೆಳಗಿನಿಂದ ಮೇಲಕ್ಕೆ, ಇನ್ನೊಮ್ಮೆ ನೋಡಿದ.